ನಾರ್ವೆಯ ಗುಡ್ಡದಮನಿಯವರು

ಮೊಮ್ಮಗು ಹುಟ್ಟಿದಾಗ ಅಜ್ಜಿಯರಿಗೆ ಸ್ವಲ್ಪ ತಲೆ ಕೆಡುತ್ತದೆ ಎಂಬ ಮಾತನ್ನು ಅಜ್ಜಿಯರನ್ನು ಬಿಟ್ಟು ಉಳಿದವರೆಲ್ಲ ಒಪ್ಪುತ್ತಾರೆ. ನಾನು ಒಪ್ಪಿಬಿಡುತ್ತೇನೆ. ಹ್ಯಾಂಬರ್ಗಿನ ಆಸ್ಪತ್ರೆಯಲ್ಲಿ ಆ ಬೆಚ್ಚನೆಯ ಬಟ್ಟೆಗಂಟನ್ನು ನನ್ನ ಕೈಗಿಟ್ಟ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೂಸು ಅತ್ತರೆ ಎದ್ದೆ, ಅಳದಿದ್ದರೆ ಯಾಕೆ ಅಳವಲ್ಲದು ಎಂದು ಎದ್ದೆ. ಉ-ಬಾನ್ ರೈಲಿನಲ್ಲಿ ಎದುರಿಗೆ ಕೂತ ಗುರುತಿಲ್ಲದ ಹೆಂಗಸರಿಗೆಲ್ಲ ಮೊಮ್ಮಗಳ ಫೋಟೋ ತೋರಿಸಿದೆ. ಟಿಕೆಟ್ ನೋಡುವವನು ಬಂದು ಕೈ ಚಾಚಿದಾಗಲೂ ಅದನ್ನೇ ಕೊಟ್ಟೆ. ಪುಣ್ಯಾತ್ಮ, ನೋಡಿ ನಕ್ಕ; ಆಮೇಲೆ ಟಿಕೆಟ್ಟನ್ನೂ ಕೇಳಿದ.

ಜರ್ಮನಿಯ ಸರಕಾರದವರು ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ ಎಂದು ಕರೆದಾಗ ನನ್ನ ಮಗ ಬಸು ಬಾಗಲಕೋಟೆಯಿಂದ ಹೊರಟು ಇಲ್ಲಿಗೆ ಬಂದ. ಕಾರ್ಡಿನ ಜೊತೆಗೆ ಅವನಿಗೆ ಕಾರಿನ್ ಕೂಡ ಸಿಕ್ಕಳು. ನಾನು ಅವಳನ್ನು ಕಾರವ್ವ ಎನ್ನುತ್ತೇನೆ, ಅವಳು ನನ್ನನ್ನು ಅತ್ತಿ ಎನ್ನುತ್ತಾಳೆ. ಅವಳಿಗೆ ಬರುವ ಕನ್ನಡ ಒಂದು ಬೊಗಸೆ, ನನಗೆ ಬರುವ ಜರ್ಮನ್ ಒಂದು ಚಿಟಿಕೆ. ಅತ್ತೆ-ಸೊಸೆಯ ನಡುವೆ ಜಗಳವಿಲ್ಲದಿರುವುದಕ್ಕೆ ಇದೇ ಕಾರಣ ಎಂದು ಬಸು ಹೇಳುತ್ತಾನೆ. ಬಾಣಂತಿಗೆ ಎಣ್ಣೆ ಹಚ್ಚುತ್ತಾ ಒಂದು ದಿನ, ತೊಟ್ಟಿಲಿಗೆ ಹಾಕುವ ದಿನ ನಿನ್ನ ತವರಿನಿಂದ ಯಾರು ಬರುತ್ತಾರೆ ಎಂದು ಕೇಳಿದೆ. ಅವಳು ಕೈ ತಿರುವಿ ತೋರಿಸಿದಳು. ಅಪ್ಪ ಇಲ್ಲ, ಅವ್ವ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ಸಾಕಿದ ಅಜ್ಜಿಯೂ ತೀರಿಹೋಗಿದ್ದಾಳೆ. ನನ್ನ ಕೈ ಅಲ್ಲೇ ನಿಂತಿತು. ಚೊಚ್ಚಲ ಬಾಣಂತನವೆಂದರೆ ತವರಿನದು. ತೊಟ್ಟಿಲು ಅವರು ತರಬೇಕು, ಕೂಸಿನ ತಲೆಗೆ ಕುಂಚಿಗೆ ಅವರು ಕಟ್ಟಬೇಕು. ತವರಿಲ್ಲದ ಬಾಣಂತಿಯನ್ನು ಕೂರಿಸಿಕೊಂಡು ನಾನು ಒಬ್ಬಳೇ ಎಷ್ಟೆಂದು ಹಾಡಲಿ?

ಆದರೆ ಸತ್ತ ಅಜ್ಜಿಗೂ ಒಂದು ಊರು ಇರಬೇಕಲ್ಲ! ಕೆದಕಿ ಕೆದಕಿ ಕೇಳಿದೆ. ಅಜ್ಜಿಯ ಹೆಸರು ಮಾರಿತ್ ಹೌಗೆನ್. ನಾರ್ವೆ ದೇಶದವಳು, ಹಡಗಿನ ಅಡುಗೆಯವನೊಬ್ಬನನ್ನು ಮದುವೆಯಾಗಿ ಹ್ಯಾಂಬರ್ಗಿಗೆ ಬಂದವಳು. ಮನೆಯ ಮುಂದೆ ನೀರು, ಹಿಂದೆ ಗುಡ್ಡ ಎಂದು ಹೇಳುತ್ತಿದ್ದಳಂತೆ.

“ನಾರ್ವೆ ಪೂರಾ ಹಂಗs ಐತಿ ಯವ್ವಾ,” ಎಂದ ಬಸು. “ಮುಂದ ನೀರು, ಹಿಂದ ಗುಡ್ಡ. ಎಲ್ಲೆ ಹುಡುಕೂದು?”

ಊರಿಗೆ ಫೋನ್ ಮಾಡಿದಾಗ ನಮ್ಮ ಮನೆಯವರಿಗೂ ಹೇಳಿದೆ. ಅವರು ಒಂದೇ ಮಾತು ಕೇಳಿದರು: “ಆ ದೇಶದಾಗ ಹೆಳವರಿಲ್ಲೇನು?” ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬಾಗಿಲಿಗೆ ಬರುತ್ತಾನೆ. ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಮನೆತನದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕಾಳು-ಬಟ್ಟೆ ಇಸಿದುಕೊಂಡು ಹೋಗುತ್ತಾನೆ. ನಾರ್ವೆಯಲ್ಲಿ ಆ ಕೆಲಸವನ್ನು ಪಾದ್ರಿಗಳು ಮಾಡುತ್ತಿದ್ದರಂತೆ: ಹುಟ್ಟು, ಮದುವೆ, ಸಾವು ಎಲ್ಲ ಚರ್ಚಿನ ಪುಸ್ತಕದಲ್ಲಿ. ಆ ಪುಸ್ತಕಗಳ ಫೋಟೋ ತೆಗೆದು ಸುರುಳಿ ಮಾಡಿಟ್ಟ ಓದುವ ಕೋಣೆಯೊಂದು ಹ್ಯಾಂಬರ್ಗಿನಲ್ಲೇ ಇತ್ತು. ಅಜ್ಜಿಯ ಹಳೆಯ ಕಾಗದವೊಂದರಲ್ಲಿ ಅವಳ ಸೀಮೆಯ ಹೆಸರೂ ಸಿಕ್ಕಿತು. ಸರಿ, ಶನಿವಾರ ಬಂತೆಂದರೆ ನಾನು ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲತೊಡಗಿದೆ. ವಾರವಿಡೀ ದುಡಿದ ಮಗ ಮಲಗಲಿ ಎಂಬ ಕರುಣೆ ನನಗಿರಲಿಲ್ಲ. ನನ್ನ ವೀಸಾ ಮುಗಿಯುವುದರೊಳಗೆ ತೊಟ್ಟಿಲಾಗಬೇಕಿತ್ತು.

ಕತ್ತಲು ಕೋಣೆ, ಒಂದು ದೀಪದ ಯಂತ್ರ. ಬಸು ಹಿಡಿಕೆ ತಿರುಗಿಸಿದಂತೆ ಪಾದ್ರಿಗಳ ಅಕ್ಷರ ಇರುವೆ ಸಾಲಿನ ಹಾಗೆ ಹರಿಯುತ್ತಿತ್ತು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನನಗೆ ಕನ್ನಡದ ಇರುವೆಗಳೇ ಸರಿಯಾಗಿ ಕಾಣುವುದಿಲ್ಲ. ಆದರೂ ಪಕ್ಕದಲ್ಲಿ ಕೂತು “ಸಿಕ್ಕಿತೇನು? ಸಿಕ್ಕಿತೇನು?” ಎಂದು ನೆರವಾದೆ. ಈ ನಾರ್ವೆಯವರ ಹೆಸರಿನ ತಂಟೆ ಕೇಳಬೇಡಿ. ಓಲೆಯ ಮಗ ಹಾನ್ಸ್ ಆದರೆ ಅವನು ಓಲ್ಸೆನ್. ಅವನ ಮಗ ಮತ್ತೆ ಓಲೆ, ಅವನು ಹಾನ್ಸೆನ್. ಅಜ್ಜನ ಹೆಸರು ಮೊಮ್ಮಗನಿಗೆ! ಥೇಟ್ ನಮ್ಮವರೇ ಎಂದು ನಾನು ಚಪ್ಪಾಳೆ ತಟ್ಟಿದಾಗ ಕೋಣೆಯವರೆಲ್ಲ ತಿರುಗಿ ನೋಡಿದರು. ಇದರ ಮೇಲೆ ಹೊಲಮನೆಯ ಹೆಸರು ಬೇರೆ. ಹೊಲ ಬಿಟ್ಟು ಇನ್ನೊಂದು ಹೊಲಕ್ಕೆ ಹೋದವರು ಹಳೆಯ ಅಡ್ಡಹೆಸರನ್ನು ಹರಿದ ಚಪ್ಪಲಿಯಂತೆ ಅಲ್ಲೇ ಬಿಟ್ಟು, ಹೊಸ ಹೊಲದ್ದನ್ನು ಮೆಟ್ಟಿಕೊಂಡು ಹೋಗುತ್ತಿದ್ದರು.

ನನ್ನ ತಾಳ್ಮೆ ಹರಿಯಿತು. ಸುರುಳಿ ಬಿಟ್ಟು, ಈಗ ಆ ಸೀಮೆಯಲ್ಲಿ ಹೌಗೆನ್ ಎಂಬವರು ಯಾರಿದ್ದಾರೆ ನೋಡು ಎಂದೆ. ಮನೆಯ ಕಂಪ್ಯೂಟರಿನಲ್ಲಿ ಒಂದು ಫೋನ್ ನಂಬರ್ ಸಿಕ್ಕಿತು: ಆರ್ನೆ ಹೌಗೆನ್.

“ಯವ್ವಾ, ಹೌಗೆನ್ ಅಂದ್ರ ಗುಡ್ಡ. ಗುಡ್ಡ ಇದ್ದಲ್ಲೆಲ್ಲಾ ಒಂದು ಹೌಗೆನ್ ಇರತೈತಿ. ಸಂಬಂಧಿಕರು ಅಂತ ಹೆಂಗ ಹೇಳೂದು?”

“ಗುಡ್ಡದಮನಿಯವ್ರು ನಮ್ಮಲ್ಲೂ ಅದಾರ. ಒಂದs ಸೀಮಿ, ಒಂದs ಅಡ್ಡಹೆಸರು ಅಂದ ಮ್ಯಾಲೆ ಅಣ್ಣತಮ್ಮಂದಿರs. ಫೋನ್ ಹಚ್ಚೋ!”

ಫೋನನ್ನು ಕಾರವ್ವನೇ ಹಚ್ಚಿದಳು, ಅಜ್ಜಿಯಿಂದ ಕಲಿತ ನಾಲ್ಕು ಮಾತು ಅವಳಿಗಿತ್ತು. ನಾನು ಕೂಸನ್ನು ಎದೆಗೆ ಅವಚಿಕೊಂಡು ಅವಳ ಬಾಯನ್ನೇ ನೋಡುತ್ತಿದ್ದೆ. ಮೊದಲು ಅವಳ ಮುಖ ಬಾಡಿತು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ನಕ್ಕಳು, ಕಣ್ಣೊರೆಸಿಕೊಂಡಳು. ರಕ್ತ ಕರೆಯುವುದು ಎಂದರೆ ಇದೇ ಎಂದುಕೊಂಡೆ. “ಏನಂದ್ರು?” ಎಂದರೆ, ಅವಳು ಜರ್ಮನ್ನಿನಲ್ಲಿ ಹೇಳಿದ್ದನ್ನು ಕೇಳಿ ಬಸು ಗಂಟಲು ಸರಿಮಾಡಿಕೊಂಡು, “ತೊಟ್ಟಿಲಿಗೆ ಬರ್ತಾರಂತ,” ಎಂದ.

ಬಂದರು ನೋಡಿ! ಆರ್ನೆ ಮುತ್ಯಾ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಅವನ ಹೆಂಡತಿ ನಮ್ಮ ತಂಗಿಯರ ಹಾಗೆ ಗುಂಡಗೆ. ಆಕೆ ತನ್ನ ಕೈಯಾರೆ ಹೆಣೆದ ಉಣ್ಣೆಯ ಟೊಪ್ಪಿಗೆಯನ್ನು ಕೂಸಿನ ತಲೆಗೆ ಹಾಕಿದಳು. ಕುಂಚಿಗೆ ಆಯಿತು. ಬುತ್ತಿಯೂ ತಂದಿದ್ದರು. ಒಂದು ಕಂದು ಬಣ್ಣದ ಗಟ್ಟಿ ಇತ್ತು. ಬೆಲ್ಲವೆಂದು ನಾನು ಕೊಬ್ಬರಿ ಬೆರೆಸಿ ಎಲ್ಲರಿಗೂ ಹಂಚಿದ ಮೇಲೆ ಅದು ಅವರ ಊರಿನ ಚೀಸ್ ಎಂದು ತಿಳಿಯಿತು. ಇನ್ನೊಂದು ಗಂಟಿನಲ್ಲಿ ಕಟ್ಟಿಗೆಯಂಥ ಒಣಮೀನು. ನಾವು ಲಿಂಗ ಕಟ್ಟಿದವರು. ಆದರೆ ಬೀಗರ ಬುತ್ತಿಯನ್ನು ಬೇಡವೆನ್ನಲು ಬರುತ್ತದೆಯೇ? ಮುಟ್ಟದಂತೆ ಸೆರಗಿನಲ್ಲಿ ಹಿಡಿದು ಬಾಲ್ಕನಿಯಲ್ಲಿಟ್ಟು ಕೈಮುಗಿದೆ. ಹ್ಯಾಂಬರ್ಗಿನ ಕಡಲಹಕ್ಕಿಗಳೆಲ್ಲ ತೊಟ್ಟಿಲ ಕಾರ್ಯಕ್ಕೆ ಬಂದವು. ಸ್ಕ್ರೂ ತಿರುಗಿಸಿ ಕೂಡಿಸಿದ ತೊಟ್ಟಿಲನ್ನು ಮುತ್ಯಾ ತೂಗಿದ, ನಾನು ಹಾಡಿದೆ, ಕೂಸಿನ ಕಿವಿಯಲ್ಲಿ ಗೌರಿ ಮಾರಿತ್ ಎಂದು ಹೆಸರು ಕೂಗಿದೆವು. ಬಂದ ಕನ್ನಡದ ಹುಡುಗರಿಗೆಲ್ಲ ಗುಗ್ಗರಿ ಹಂಚುತ್ತಾ, “ಮೂಗು ನೋಡ್ರೆಪಾ, ಮುತ್ಯಾಂದs ಮೂಗು,” ಎಂದು ತೋರಿಸಿದೆ. ಬಸು ಅಡುಗೆಮನೆಗೆ ಎದ್ದು ಹೋದ.

ಬೀಗರು ಹೋದ ಮೇಲಾದರೂ ಸುಮ್ಮನೆ ಕೂರಬಹುದಿತ್ತು. ಆರ್ನೆಯ ಅಜ್ಜ ಯಾರು, ಮುತ್ತಜ್ಜ ಯಾರು ಎಂದು ಹೆಳವನಿಗೆ ಹೇಳಬೇಡವೇ? ಮತ್ತೆ ಓದುವ ಕೋಣೆಗೆ ಬಸುವನ್ನು ಎಳೆದುಕೊಂಡು ಹೋದೆ. ಅಲ್ಲಿ ಮಾರಿತ್ ಸಿಕ್ಕಿಯೇ ಬಿಟ್ಟಳು. ಹುಟ್ಟಿದ್ದು ಹೌಗೆನ್‌ನಲ್ಲೇ, ಆದರೆ ನೀರಿನ ಆಚೆ ದಂಡೆಯ ಇನ್ನೊಂದು ಹೌಗೆನ್‌ನಲ್ಲಿ. ಆರ್ನೆಯ ಮನೆಗೂ ಅವಳಿಗೂ ಹುಲ್ಲುಕಡ್ಡಿಯಷ್ಟೂ ಸಂಬಂಧವಿಲ್ಲ. ದಾರಿಯುದ್ದಕ್ಕೂ ಬಸುವಿನ ತೋಳು ಹಿಡಿದು, “ಆಕೀಗ ಹೇಳಬ್ಯಾಡೋ, ನಿನ್ನ ಕಾಲ್ ಬೀಳ್ತೀನಿ,” ಎಂದೆ. ಅವನು ತಲೆ ಕೆರೆದುಕೊಂಡ.

ಮನೆಗೆ ಬಂದಾಗ ಕಾರವ್ವ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನನ್ನ ಮುಖ ನೋಡಿದಳು, ಬಸುವಿನ ಮುಖ ನೋಡಿದಳು. “ಅತ್ತಿ, ನಂಗ್ ಗೊತ್ತದ,” ಎಂದಳು. ಉಳಿದದ್ದನ್ನು ಬಸು ಬಿಡಿಸಿ ಹೇಳಿದ. ಮೊದಲ ಫೋನಿನಲ್ಲೇ ಆರ್ನೆ ಹೇಳಿದ್ದನಂತೆ: ನಾವು ಈ ಹೊಲ ಕೊಂಡು ಹೆಸರು ಇಟ್ಟುಕೊಂಡವರು, ನಿಮ್ಮವರಲ್ಲ, ಆದರೆ ನಮಗೆ ಮಕ್ಕಳಿಲ್ಲ, ತವರಿನವರು ಬನ್ನಿ ಎಂದು ನಮ್ಮನ್ನು ಈವರೆಗೆ ಯಾರೂ ಕರೆದಿಲ್ಲ, ಬಂದರೆ ನಡೆಯುತ್ತದೆಯೇ? ಹೀಗೆ ಎಲ್ಲರಿಗೂ ಗೊತ್ತಿತ್ತು, ಮೂಗು ತೋರಿಸಿದವಳನ್ನು ಬಿಟ್ಟು.

ನನಗೆ ನಗು ಬಂತು, ಅಳುವೂ ಬಂತು. ಹೋಗಲಿ, ಹುಡುಗಿಗೆ ತವರೊಂದು ಆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಕಾರವ್ವ ಮುಖ ಅರಳಿಸಿ, “ಬ್ಯಾಸಗಿಗೆ ಆರ್ನೆ ಮನಿಗೆ ಹೋಗ್ತೀವಿ. ಪೂರಾ ರಜಾ!” ಎಂದಳು. ಪೂರಾ ರಜೆಯೇ? ಆ ರಜೆಯಲ್ಲಿ ಕೂಸನ್ನು ಬಾಗಲಕೋಟೆಗೆ ಕರೆತರುತ್ತೇವೆ ಎಂದಿದ್ದರು! ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

“ಅಲ್ಲೇನ್ ಇಟ್ಟೈತಿ? ಕೊಟ್ಟ ಹೆಣ್ಣು ಹಂಗ ತಿಂಗಳಾನುಗಟ್ಟಲೆ ತವರಿನಾಗ ಕುಂದರಬಾರದು. ಎಂಟು ದಿನ ಸಾಕಂತ ಹೇಳು!”

ನನ್ನ ಅತ್ತೆ ಆಡುತ್ತಿದ್ದ ಮಾತು, ಅದೇ ರಾಗ. ಬಸು ನನ್ನನ್ನೇ ದಿಟ್ಟಿಸಿ ನೋಡಿದ. “ತವರು ಹುಡುಕಿದಾಕಿ ನೀನs ಯವ್ವಾ,” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ಜರ್ಮನ್ನಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಕಾರವ್ವ ಕೂಸಿನ ಸಮೇತ ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬಸು ಒಳ್ಳೆಯ ಮಾತನ್ನೇ ಹೇಳಿರಬೇಕು. ನಾನು ಹೇಳಿದ್ದನ್ನಂತೂ ಅಲ್ಲ.