ಖಾಲಿ ಎನ್ನಲಾದ ಡಬ್ಬಿ

ಆಳಂದದಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಮರ್ಯಾದೆ ಇದೆ. ಯಾರಾದರೂ ಅಡುಗೆ ಕಳಿಸಿದರೆ ಆ ಡಬ್ಬಿಯನ್ನು ತೊಳೆದು, ಹಿಡಿ ಸಕ್ಕರೆಯನ್ನಾದರೂ ಹಾಕಿ ಹಿಂದಿರುಗಿಸುವುದು ಇಲ್ಲಿಯ ಪದ್ಧತಿ. ನಮ್ಮ ಮನೆಯಿಂದ ಡಬ್ಬಿ ಬರಿದಾಗಿ ಬಂತೆಂದು ಅಫಜಲಪುರದ ಬೀಗರಾಗಲಿ, ಜೇವರ್ಗಿಯ ನೆಂಟರಾಗಲಿ ಎಂದೂ ಹೇಳಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಪದ್ಧತಿ ಎಂದರೆ ಪದ್ಧತಿ. ಆದರೆ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಸೊಸೆ ಬಂದ ಮೇಲೆ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇದೆ.

ಉಪ್ಪು

ಆಕೆಯ ವಿಷಯ ಕ್ವಾಂಟಂ ಕ್ಷೇತ್ರ ಸಿದ್ಧಾಂತ. ಅಲ್ಲಿಯ ಲೆಕ್ಕ ಒಮ್ಮೆಗೇ ಬಗೆಹರಿಯುವುದಿಲ್ಲವಂತೆ. ಮೊದಲು ಒಂದು ಅಂದಾಜು, ಅದಕ್ಕೊಂದು ಸಣ್ಣ ತಿದ್ದುಪಡಿ, ಆಮೇಲೆ ಇನ್ನೂ ಸಣ್ಣದು. ಬೇಳೆಗೆ ಉಪ್ಪನ್ನೂ ಹಾಗೆಯೇ ಹಾಕುತ್ತಾಳೆ, ಪ್ರತಿ ಚಿಟಿಕೆಗೂ ರುಚಿ ನೋಡುತ್ತ.

“ಇದು ಯಾವಾಗ ಮುಗೀತದ?” ಎಂದೆ.

“ಮುಗಿಯೂದಿಲ್ರಿ ಅತ್ತಿ. ಸಾಕು ಅನ್ನಿಸಿದಲ್ಲಿ ನಿಲ್ಲಿಸೂದು.”

ಅಷ್ಟರಲ್ಲಿ ಅರ್ಧ ಬೇಳೆ ಆಕೆಯ ಹೊಟ್ಟೆಯಲ್ಲಿತ್ತು.

ನಾದಿನಿ

ಜೇವರ್ಗಿಯಿಂದ ನನ್ನ ನಾದಿನಿ ಬಂದಿದ್ದಳು. ಸೊಸೆ ಆಕೆಗೆ ತನ್ನ ಕೆಲಸ ಏನೆಂದು ವಿವರಿಸುತ್ತಿದ್ದಳು. ಪುಸ್ತಕದ ಲೆಕ್ಕದಲ್ಲಿ ಕಣಗಳು ಎಲ್ಲಿಂದಲೋ ಬಂದು, ಡಿಕ್ಕಿ ಹೊಡೆದು, ಎಲ್ಲಿಗೋ ಹೋಗುತ್ತವೆ. ಬಂದದ್ದು, ಹೋದದ್ದು ಮಾತ್ರ ಗಣನೆಗೆ. ಸೊಸೆ ಹಿಡಿದಿರುವುದು ನಡುವಿನ ಸ್ವಲ್ಪ ಹೊತ್ತನ್ನು, ಅದೂ ಇಕ್ಕಟ್ಟಾದ ಜಾಗದಲ್ಲಿ. ಬಹಳ ಹೊತ್ತು ಉಳಿಯಲಾರದ ಕಣಗಳು ಅಲ್ಲಿ ಇಣುಕಿ ಮಾಯವಾಗುತ್ತವೆಯಂತೆ. ಕೇಳುತ್ತ ನನಗೆ ಮೈ ಜುಮ್ಮೆಂದಿತು.

ನಾದಿನಿ ಮಾತ್ರ ಗಾಬರಿಯಾದಳು. “ನೋಡವ್ವಾ, ನಾ ಬಂದದ್ದು ಹೋದದ್ದು ಅಷ್ಟ ಬರಕೋ. ನಡುವ ನಿಮ್ಮತ್ತಿ ನಾನು ಜಗಳಾಡಿದ್ದು ಬ್ಯಾಡ!”

ಡಬ್ಬಿ

ಎಳ್ಳಮಾವಾಸ್ಯೆಗೆ ಎದುರುಮನೆಯ ಬಾಯಿಯವರು ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿ ಕಳಿಸಿದ್ದರು. ಸೊಸೆ ಡಬ್ಬಿ ತೊಳೆದು, ಮುಚ್ಚಳ ಹಾಕಿ, ಹಾಗೆಯೇ ಕೊಟ್ಟು ಬಂದಳು. ಅವರು ಬೀದಿಯಲ್ಲೇ ತೆರೆದು ನೋಡಿದರು. “ಏನವ್ವಾ, ಖಾಲಿ ಅದಲ್ಲ!”

“ಖಾಲಿ ಅನ್ನೂದ ಇಲ್ರಿ ಕಾಕು. ಗಾಳಿ ಪೂರಾ ತಗದ್ರೂ ಒಳಗ ಕ್ಷೇತ್ರ ಇರ್ತದ. ಸುಮ್ನ ಕೂಡೂದಿಲ್ಲ, ನಡುಗ್ತಿರ್ತದ.”

“ಹಂಗಿದ್ರ ಬರೂ ವರ್ಷ ನಿಮಗ ಭಜ್ಜೀನೂ ಹಂಗ ಕಳಸ್ತೇನಿ!”

ವಾರದೊಳಗೆ ಅಫಜಲಪುರದ ಮದುವೆಯೊಂದರ ಊಟದ ಪಂಕ್ತಿಯಲ್ಲಿ, ನಮ್ಮ ಬೀಗರೆದುರೇ, ಇದೇ ಎದುರುಮನೆಯ ಬಾಯಿಯವರು ನಮ್ಮ ಮನೆಯನ್ನು ಖಾಲಿ ಡಬ್ಬಿಯ ಮನೆ ಎಂದರು. ನಾಲ್ಕು ತಲೆಮಾರು ಒಂದೇ ತುತ್ತಿಗೆ ಹೋಯಿತು. ನಾನು ಎಲೆ ಬಿಟ್ಟೆದ್ದೆ.

ಮನೆಗೆ ಬಂದು ಸೊಸೆಯನ್ನು ಕೂಡಿಸಿ ಕೇಳಿದೆ. “ಖರೇ ಹೇಳು. ಆ ಡಬ್ಬಿಯಾಗ ಏನರೆ ಇತ್ತೇನು?”

“ಇತ್ರಿ. ಗೋಡೆ ಸುತ್ತ ಇದ್ರ ಒಳಗ ಹಿಡಿಸೂ ಅಲೆ ಅಷ್ಟ ಇರ್ತಾವ. ಹಂಗಾಗಿ ಒಳಗಿನ ಶೂನ್ಯ ಹೊರಗಿನಂಥದಲ್ಲ.”

ನಾನು ಅಡುಗೆಮನೆಗೆ ಹೋಗಿ ನಮ್ಮ ಡಬ್ಬಿಯೊಂದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತೆ. ನಲವತ್ತು ವರ್ಷ ಇದರಲ್ಲಿ ಬರೀ ಹಿಟ್ಟು ತುಂಬಿದ್ದೆ.

“ಮತ್ತ ಮುಚ್ಚಳ ತಗದ್ರ?” ಎಂದು ಅಲ್ಲಿಂದಲೇ ಸೊಸೆಯನ್ನು ಕೇಳಿದೆ.

“ಅದು ಹೋತ್ರಿ. ಬ್ಯಾರೆ ಆಗ್ತದ.”

ಆದ್ದರಿಂದ ಸಂಗತಿ ಸ್ಪಷ್ಟವಿದೆ. ನಾವು ಕಳಿಸಿದ್ದು ಸಕ್ಕರೆಯಲ್ಲ, ಅವರದೇ ಡಬ್ಬಿಯ ಅಳತೆಗೆ ಸರಿಯಾಗಿ ಆದ ಶೂನ್ಯ. ಅದನ್ನು ನಡುಬೀದಿಯಲ್ಲಿ ಮುಚ್ಚಳ ತೆಗೆದು ಹಾಳು ಮಾಡಿದವರು ಅವರು. ಅಫಜಲಪುರದ ಅದೇ ಬೀಗರ ಎದುರು ಅವರು ಕ್ಷಮೆ ಕೇಳಬೇಕು.