ಎಂಟು ಮನೆಯ ನೀರು, ಒಂದು ಹನಿ

ಪ್ರಯೋಗಾಲಯದ ಮೇಡಮ್ಮನಿಗೆ ಹೇಳದೆ ಸಹಾಯಕ ಆ ಬಾಟಲಿಯನ್ನು ಜೇಬಿಗಿಳಿಸಿ ಮನೆಗೆ ತಂದದ್ದೇ ತಪ್ಪಾಯಿತು. ನೋಡಲು ತಿಳಿ ಚಹಾದಂಥ ನೀರು. ಮೇಡಮ್ಮ ನಿಂಬೆಹುಳಿಯ ಪುಡಿಗೆ ಯೂರಿಯಾ ಸೇರಿಸಿ ಕಾಯಿಸಿ, ಸಾರಜನಕ ಬೆರೆತ ಇದ್ದಿಲಿನ ಕಣ ಮಾಡಿ ಅದರಲ್ಲಿ ತೇಲಿಬಿಟ್ಟಿದ್ದರು. ಕಣವೆಂದರೆ, ಒಂದು ಕೂದಲನ್ನು ಹತ್ತು ಸಾವಿರ ಸೀಳು ಸೀಳಿದರೆ ಸಿಗುವ ಒಂದು ಸೀಳಿನಷ್ಟು! ನೇರಳೆ ದೀಪ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ಕಬ್ಬಿಣದಂಶ ತಾಗಿದರೆ ಆ ಹೊಳಪು ಆರಿಹೋಗುತ್ತದೆ.

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಸಹಾಯಕನನ್ನು ಹದಿನಾರು ವರ್ಷದಲ್ಲಿ ಒಬ್ಬರೂ ಒಂದು ಮಾತು ಕೇಳಿದ್ದಿಲ್ಲ. ರಜೆಯ ದಿನ ಮಧ್ಯಾಹ್ನ ಅವನು ವಠಾರದ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನಿಂತು ಬಾಟಲಿಗೆ ದೀಪ ಹಿಡಿದ. ನೀಲಿ ಬೆಳಕು ಕಂಡು ಎಲ್ಲರೂ ಬಾಯಿ ಬಿಟ್ಟರು.

"ಎಂಟೂ ಮನೆ ನೀರು ತನ್ನಿ. ನೋಡೇಬಿಡೋಣ!"

ಬಾಟಲಿಗೆ ಡ್ರಾಪರ್ ಅದ್ದಿ ಒಂದೊಂದು ಲೋಟಕ್ಕೂ ಒಂದೊಂದು ಹನಿ ಬಿಟ್ಟ. ಒಂದರಲ್ಲೂ ಬೆಳಕಿಲ್ಲ.

"ಅದಕ್ಕೇ ನನ್ನ ಬಿಳಿ ಅಂಗಿ ಹಳದಿ ಆಗಿರೋದು!" ಎಂದರು ನಿವೃತ್ತ ಪೋಸ್ಟ್‌ಮಾಸ್ಟರು.

"ಅದಕ್ಕೆ ನೀರು ಎಲ್ಲಿ ತೋರಿಸಿದ್ದೀರಿ ತಾತ?" ಎಂದಳು ಮೇಲ್ಮಹಡಿಯ ಟೈಲರಮ್ಮ. "ಅದಿರಲಿ, ಹೋದ ವರ್ಷ ಪೈಪ್ ಹಾಕಿದ್ದು ಯಾರು?"

ಎಲ್ಲರ ಕಣ್ಣೂ ಸಹಾಯಕನ ಹೆಂಡತಿಯ ಮೇಲೆ ಬಿತ್ತು. ಪೈಪ್ ಹಾಕಿದ್ದು ಅವಳ ಅಣ್ಣ. ಕರೆ ಹೋದದ್ದೇ ಅವನು ಊಟದ ತಟ್ಟೆ ಬಿಟ್ಟು, ಒದ್ದೆ ಕೈಯಲ್ಲೇ ಓಡಿಬಂದ.

"ಎಲ್ಲಾ ಪ್ಲಾಸ್ಟಿಕ್ಕೇ ಹಾಕಿದ್ದೀನಿ ಭಾವ!"

"ನಾನೇನು ಮಾಡಲಿ ಭಾವ? ವಿಜ್ಞಾನ ನೆಂಟಸ್ತಿಕೆ ನೋಡಲ್ಲ," ಎಂದ ಸಹಾಯಕ, ಎದೆ ಉಬ್ಬಿಸಿ.

ಇನ್ನು ಈ ಬೀದಿಯಲ್ಲಿ ಆ ಭಾವನಿಗೆ ಯಾರೂ ಪೈಪಿನ ಕೆಲಸ ಕೊಡಬಾರದೆಂದು ಅಲ್ಲೇ ತೀರ್ಮಾನವಾಯಿತು. ಭಾವ ತಲೆ ತಗ್ಗಿಸಿ ಹೊರಟ. ಹೆಂಡತಿ, "ನಮ್ಮಣ್ಣನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ, ತೃಪ್ತಿ ಆಯ್ತಾ?" ಎಂದು ಬಾಗಿಲು ಹಾಕಿಕೊಂಡಳು.

ಬೆನ್ನು ತಟ್ಟುವವರು ಮೇಡಮ್ಮ ಒಬ್ಬರಾದರೂ ಇದ್ದಾರೆಂದು ಅವನು ಬಾಟಲಿ ಸಮೇತ ಪ್ರಯೋಗಾಲಯಕ್ಕೆ ಓಡಿದ. ರಜೆಯಲ್ಲೂ ಅವರು ಅಲ್ಲೇ ಇರುತ್ತಿದ್ದರು. ಕತೆಯೆಲ್ಲ ಕೇಳಿ ಬಾಟಲಿಗೆ ದೀಪ ಹಿಡಿದರು. ಬಾಟಲಿಯೂ ಕಪ್ಪು!

"ಡ್ರಾಪರ್ ಎಲ್ಲಿಂದ ತಗೊಂಡ್ರಿ?"

"ಸಿಂಕ್ ಪಕ್ಕದಲ್ಲಿತ್ತಲ್ಲ ಮೇಡಂ…"

"ನಿನ್ನೆ ಅದರಲ್ಲೇ ಕಬ್ಬಿಣದ ದ್ರಾವಣ ಅಳೆದಿದ್ದೆ. ತೊಳೆಯೋಕೆ ಇಟ್ಟಿದ್ದೆ."

ತೊಳೆಯುವುದು ಯಾರ ಕೆಲಸ ಎಂದು ಅವರು ಕೇಳಲಿಲ್ಲ. ಕೇಳಿ ಬೈದಿದ್ದರೇ ಚೆನ್ನಾಗಿತ್ತು. ಆರು ತಿಂಗಳ ಶ್ರಮವನ್ನು ಒಮ್ಮೆ ನೋಡಿ, ಬಾಟಲಿಯನ್ನು ಮೆಲ್ಲಗೆ ಸಿಂಕಿಗೆ ಸುರಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ.

ಕಾಲು ಹಿಡಿದಾದರೂ ಭಾವನ ಕ್ಷಮೆ ಕೇಳಬೇಕೆಂದು, ಮಳೆಯಲ್ಲಿ ನೆಂದ ಕೋಳಿಯ ಹಾಗೆ ಹಿಂದಿರುಗಿದ. ಅಂಗಳದ ತುಂಬ ಜನ. ನಡುವೆ ಭಾವ. ಅವನ ಪಾದದ ಬಳಿ ತುಕ್ಕು ತಿಂದ ಒಂದು ಮೊಳ ಪೈಪು.

"ತಪ್ಪಾಯ್ತು ಭಾವ," ಎಂದು ಭಾವನೇ ಕೈ ಮುಗಿದ. "ಟ್ಯಾಂಕಿನ ಬುಡದಲ್ಲಿದ್ದ ಹಳೇ ತುಂಡಿಗೆ ಬಣ್ಣ ಬಳಿದು ಹಾಗೇ ಬಿಟ್ಟಿದ್ದೆ. ನನಗೊಬ್ಬನಿಗೇ ಗೊತ್ತಿತ್ತು. ಮನಸ್ಸು ತಡೀಲಿಲ್ಲ, ನಾನೇ ಕಿತ್ತು ಬೇರೆ ಹಾಕಿದೆ. ನಿಮ್ಮ ಹನಿಗೆ ಹೇಗೆ ತಿಳೀತೋ!"

"ಇಲ್ಲ ಭಾವ! ಹನಿಗೆ ಏನೂ ತಿಳಿದಿರಲಿಲ್ಲ. ಡ್ರಾಪರ್ ಕೊಳಕಾಗಿತ್ತು. ನಾನೇ ತೊಳೆದಿರಲಿಲ್ಲ. ಎಲ್ಲಾ ಸುಳ್ಳು!"

ಪೋಸ್ಟ್‌ಮಾಸ್ಟರು ಕಣ್ಣೊರೆಸಿಕೊಂಡರು. "ನೋಡ್ರಪ್ಪಾ, ಭಾವನ ಮಾನ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೇ ಹಾಕ್ಕೋತಾನೆ! ಎಂಥಾ ದೊಡ್ಡ ಮನುಷ್ಯ!"

"ದೇವರಾಣೆಗೂ ಅಲ್ಲ ತಾತ…"

"ಆಣೆ ಬೇರೆ ಇಡ್ತಾನೆ, ಪಾಪ!" ಎಂದಳು ಟೈಲರಮ್ಮ.

ಮಧ್ಯಾಹ್ನದಿಂದ ಮುಖ ತಿರುಗಿಸಿದ್ದ ಹೆಂಡತಿ ಸೆರಗಿನಿಂದ ಅವನ ಬೆವರೊರೆಸಿದಳು. "ಪಕ್ಕದ ಬೀದಿಯವರೂ ಬಂದಿದ್ದಾರೆ ಕಣ್ರೀ. ಆ ಬಾಟಲಿ ತೆಗೀರಿ."

ಗೇಟಿನಾಚೆ ನಲವತ್ತು ಜನ, ನಲವತ್ತು ಚೊಂಬು ನೀರು. ಭಾವ ಹೆಮ್ಮೆಯಿಂದ ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದ.

"ನೂಕಬೇಡ್ರಿ, ನೂಕಬೇಡ್ರಿ! ನಮ್ಮ ಭಾವ ಯಾರನ್ನೂ ಬರಿಗೈಲಿ ಕಳಿಸೋದಿಲ್ಲ!"