ಮಗಳ ಮೊದಲ ಸಂಕ್ರಮಣಕ್ಕೆ ಮಾತ್ರೆಯ ಸರ

ಡಾಕ್ಟರರು ಕೈಚೆಲ್ಲಿ ಕೂತ ರೋಗವೊಂದನ್ನು ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನ ಒಂದೂವರೆ ಖೋಲಿಯಲ್ಲಿ ವಾಸಿ ಮಾಡಿ ತೋರಿಸುತ್ತೇನೆಂದು ನಾನು ಹೊರಟಾಗ, ನನ್ನ ಹತ್ತಿರ ಇದ್ದ ವಿದ್ಯೆ ಮ್ಯಾಟ್ರಿಕ್. ಅದೂ ವಿಜ್ಞಾನದಲ್ಲಿ ಒಮ್ಮೆ ನಪಾಸಾಗಿ ಮತ್ತೆ ಕಟ್ಟಿ ಪಾಸಾದದ್ದು. ಆದರೂ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ!

ರೋಗ ಸಂಧಿವಾತ. ರೋಗಿ ನಾನೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಬೆರಳುಗಳೂ ಮುಗಿಯುತ್ತ ಬಂದಿದ್ದವು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಗೆಣ್ಣುಗಳು ಬಾತಿರುತ್ತಿದ್ದವು, ಮುಷ್ಟಿ ಕಟ್ಟಲಿಕ್ಕೆ ಬರುತ್ತಿರಲಿಲ್ಲ. ಸ್ಟೇಷನ್ನಿನ ಹತ್ತಿರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬೆರಳು ಒತ್ತಿ ನೋಡಿ, ನಾನು ಹಾಯ್ ಅಂದದ್ದನ್ನು ಬರೆದುಕೊಂಡು, ಮರಾಠಿಯಲ್ಲಿ ಹೇಳಿದರು: “ಬಾಯೀ, ನೋವಿನ ಗುಳಿಗೆ ತಗೊಳ್ಳಿ, ಬಿಸಿನೀರಿನಲ್ಲಿ ಕೈ ಅದ್ದಿ. ಬೆರಳಿಗೆ ಹೆಚ್ಚು ಕೆಲಸ ಕೊಡಬೇಡಿ.”

“ಎಷ್ಟು ದಿನ?”

“ಜನ್ಮಭರ.”

ನನ್ನ ಜನ್ಮದ ಬಗ್ಗೆ ತೀರ್ಮಾನ ಕೊಡಲಿಕ್ಕೆ ಇವರು ಯಾರು? ಆ ಅಧಿಕಾರವನ್ನು ನಾನು ನನ್ನ ಗಂಡನಿಗೇ ಕೊಟ್ಟಿರಲಿಲ್ಲ. ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ, ಬಂದವಳು ಅದನ್ನು ಅಲುಗಾಡುತ್ತಿದ್ದ ಕಪಾಟಿನ ಕಾಲಿನ ಕೆಳಗೆ ಇಟ್ಟೆ. ಕಪಾಟಿಗೆ ಗುಣ ಬಂತು.

ಇಷ್ಟು ಸಿಟ್ಟು ಬರಲಿಕ್ಕೆ ಕಾರಣವಿತ್ತು. ಆ ಬೇಸಿಗೆಯಲ್ಲಿ ನಮ್ಮ ಮಗಳು ವೈಶಾಲಿಯ ಮದುವೆಯಾಗಿತ್ತು. ಬೀಗರು ಠಾಣೆ ಊರಿನ ಮರಾಠಿ ಮಂದಿ. ಮದುವೆಯಾದ ಮೊದಲ ಸಂಕ್ರಮಣಕ್ಕೆ ಮದುಮಗಳಿಗೆ ಕಪ್ಪು ಸೀರೆ ಉಡಿಸಿ, ಕುಸುರೆಳ್ಳಿನ ದಾಗೀನು ತೊಡಿಸಿ ಆರತಿ ಮಾಡುವ ಪದ್ಧತಿ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಸರ, ಬಳೆ, ಬಾಜೂಬಂದ, ಝುಮಕಿ, ಎಲ್ಲ ಸಕ್ಕರೆಯವೇ. ಮದುವೆಯ ಮಂಟಪದಲ್ಲೇ ಬೀಗಿತಿ ನಳಿನಿಬಾಯಿ ನಯವಾಗಿ ಹೇಳಿದ್ದರು: “ಠಾಣೆಯ ಅಂಗಡಿಯಲ್ಲಿ ತಯಾರು ಸಿಗುತ್ತವೆ. ನೀವು ತ್ರಾಸು ತಗೋಬೇಡಿ.”

ನಾನು ಮಂಟಪದ ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟಿದ್ದೆ: “ಅಂಗಡಿಯದು ಹಾಕಿದರೆ ತಾಯಿ ಅಂತ ನಾನು ಯಾಕೆ ಇರಬೇಕು? ನನ್ನ ಕೈಯಿಂದಲೇ ಮಾಡುತ್ತೇನೆ!”

ಕುಸುರೆಳ್ಳು ಮಾಡಿ ಗೊತ್ತಿದ್ದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಶಿಗಡಿಯ ಸಣ್ಣ ಕೆಂಡದ ಮೇಲೆ ಪರಾತದ ಅಗಲ ತಟ್ಟೆ ಇಟ್ಟು, ಎಳ್ಳು ಹಾಕಿ, ಒಂದೊಂದೇ ಚಮಚೆ ಸಕ್ಕರೆ ಪಾಕ ಬಿಡುತ್ತ, ಬರಿ ಬೆರಳ ತುದಿಯಿಂದ ಮಧ್ಯಾಹ್ನವಿಡೀ ಆಡಿಸುತ್ತ ಕೂರಬೇಕು. ಹಾಗೆ ಹಲವು ಮಧ್ಯಾಹ್ನ ಕೂತರೆ ಎಳ್ಳಿನ ಮೇಲೆ ಬೆಳ್ಳಗೆ ಮುಳ್ಳು ಏಳುತ್ತವೆ. ಮುಳ್ಳು ಎಬ್ಬಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಚಾಳಿನಲ್ಲಿ ಇರಲಿಲ್ಲ. ಈಗ ಬೆರಳಿಗೆ ಕೆಲಸ ಕೊಡಬೇಡಿ ಅಂದರೆ?

ಅಷ್ಟರಲ್ಲಿ ಉತ್ತರ ತಾನಾಗಿ ಮನೆಗೆ ಬಂತು. ಕಿರಾಣಿ ಅಂಗಡಿಯಿಂದ ಶೇಂಗಾ ಕಟ್ಟಿಸಿಕೊಂಡು ಬಂದಿದ್ದೆ. ಪುಡಿಕೆಯ ಕಾಗದ ಯಾವುದೋ ಮರಾಠಿ ವಾರಪತ್ರಿಕೆಯ ಹಾಳೆ. ಅಮೇರಿಕಾದ ಒಬ್ಬ ಗೃಹಸ್ಥರು ಡಾಕ್ಟರರ ಮಾತು ಧಿಕ್ಕರಿಸಿ, ವಿಟಮಿನ್ ಸಿ ಗುಳಿಗೆಗಳನ್ನು ಮುಷ್ಟಿಗಟ್ಟಲೆ ತಿಂದು, ಜೊತೆಗೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ನುಂಗಿ, ಸಂಧಿವಾತವನ್ನು ಓಡಿಸಿದರೆಂದು ಅದರಲ್ಲಿ ಬರೆದಿತ್ತು. ಕಾಗದ ಅಲ್ಲಿಗೆ ಹರಿದಿತ್ತು. ಕೊನೆಯಲ್ಲಿ ಉಳಿದದ್ದು ಒಂದೇ ಶಬ್ದ: “ಪಣ್”. ಅಂದರೆ ಮರಾಠಿಯಲ್ಲಿ “ಆದರೆ”.

ಆದರೆ ಏನು ಎಂಬುದು ಬೇರೆ ಯಾರ ಮನೆಯ ಶೇಂಗಾದ ಸುತ್ತ ಹೋಗಿತ್ತೋ! ನನಗೆ ಅದು ಬೇಕೂ ಆಗಿರಲಿಲ್ಲ. ಧಿಕ್ಕರಿಸಿ ಎಂಬಲ್ಲಿಗೇ ನನ್ನ ಓದು ಮುಗಿದಿತ್ತು.

ಪಕ್ಕದ ಖೋಲಿಯ ಜಲಜಕ್ಕನ ಗಂಡ ತುರ್ಭೆಯ ಕಡೆ ಒಂದು ಔಷಧ ಕಾರ್ಖಾನೆಯಲ್ಲಿದ್ದರು. ಅವರಿಂದ ಕಡಿಮೆ ಬೆಲೆಗೆ ವಿಟಮಿನ್ ಸಿ ದೊಡ್ಡ ಡಬ್ಬಿಯೇ ಬಂತು. ಕಿತ್ತಳೆ ಬಣ್ಣದ, ಹುಳಿಸಿಹಿಯಾದ, ಚೀಪುವ ಗುಳಿಗೆಗಳು. ಆಂಟಿಬಯಾಟಿಕ್ ಕ್ಯಾಪ್ಸೂಲುಗಳನ್ನು ಬಾಜಾರಿನ ಔಷಧ ಅಂಗಡಿಯವನು ಚೀಟಿ ಕೇಳದೆ ಕೊಟ್ಟ. ಅರ್ಧ ಕೆಂಪು, ಅರ್ಧ ಹಳದಿ. ನೋಡಲಿಕ್ಕೆ ಬಹಳ ಚೆಂದ. ಈ ಚೆಂದವೇ ಮುಂದೆ ಘಾತ ಮಾಡಿತು.

ನಾನು ಗುಳಿಗೆಗಳನ್ನು ಚುರಮುರಿಯಂತೆ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು ಜಲಜಕ್ಕ ಗಾಬರಿಯಾದರು.

“ಎಂತ ಮಾರಾಯ್ರೆ, ಅಷ್ಟು ತಿಂದ್ರೆ ಆಗ್ತದಾ? ಹೆಚ್ಚಾದ್ರೆ ಹೊಟ್ಟೆ ಹಾಳಾಗ್ತದೆ ಅಂತ ನಮ್ಮವ್ರು ಹೇಳಿದ್ದಾರೆ.”

“ಅಮೇರಿಕಾದವರದು ಹಾಳಾಗಲಿಲ್ಲಲ್ರೀ?”

“ಅವರಿಗೆ ಮನೆಯೊಳಗೇ ಸಂಡಾಸು ಉಂಟಲ್ಲ!”

ಈ ಮಾತಿನ ಆಳ ನನಗೆ ಮರುದಿನ ಬೆಳಿಗ್ಗೆ ತಿಳಿಯಿತು. ನಮ್ಮ ಚಾಳಿನಲ್ಲಿ ಸಂಡಾಸು ಇದ್ದದ್ದು ವರಾಂಡದ ಆ ತುದಿಗೆ, ನಮ್ಮ ಖೋಲಿ ಇದ್ದದ್ದು ಈ ತುದಿಗೆ. ನಡುವೆ, ಲೋಕಲ್ ಹಿಡಿಯುವ ಅವಸರದಲ್ಲಿದ್ದ ಗಂಡಸರ ಪಾಳಿ, ಕೈಯಲ್ಲಿ ನೀರಿನ ಡಬ್ಬಿ. ಮೊದಮೊದಲು ಮರ್ಯಾದೆಯಿಂದ ನಿಂತೆ. ಆಮೇಲೆ ಮರ್ಯಾದೆ ಬಿಟ್ಟೆ. ಒಂದು ವಾರ ಕಳೆಯುವಷ್ಟರಲ್ಲಿ, ನಾನು ಬಾಗಿಲು ತೆರೆದರೆ ಸಾಕು, ಗಂಡಸರು ಮಂತ್ರಿಯ ಗಾಡಿಗೆ ದಾರಿ ಕೊಡುವಂತೆ ಎರಡೂ ಬದಿಗೆ ಸರಿಯುತ್ತಿದ್ದರು.

“ಬೆರಳು ಹ್ಯಾಂಗವ?” ಅಂತ ನಮ್ಮವರು ಕೇಳಿದರು. ನಮ್ಮವರು ಬೋರಿಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತರು, ಮಿತಭಾಷಿ. ಆದರೆ ಆಡಿದ್ದೆಲ್ಲ ಚುಚ್ಚುತ್ತದೆ.

“ಸ್ವಲ್ಪ ಸಡಲಾಗ್ಯಾವ.”

“ಬೆರಳೋ, ಹೊಟ್ಟಿಯೋ?”

ನಾನು ಡಬ್ಬಿ ತಗೊಂಡು ಓಡಿದೆ. ಆದರೆ ಚಿಕಿತ್ಸೆ ಬಿಡಲಿಲ್ಲ. ಬಿಟ್ಟರೆ ಆ ಡಾಕ್ಟರು ಗೆದ್ದಂತಲ್ಲ!

ಸಂಕ್ರಮಣ ಹತ್ತಿರ ಬಂತು. ಒಂದು ಮಧ್ಯಾಹ್ನ ಶಿಗಡಿ ಹೊತ್ತಿಸಿ, ಪರಾತ ಇಟ್ಟು, ಎಳ್ಳು ಹಾಕಿ ಕೂತೆ. ಪಾಕ ಬಿಟ್ಟೆ. ಬೆರಳು ಆಡಿಸಿದೆ. ಅಂದರೆ ಆಡು ಅಂತ ಹೇಳಿದೆ, ಅವು ಆಡಲಿಲ್ಲ. ಎಳ್ಳು, ಪಾಕ ಎಲ್ಲ ಕೂಡಿ ಗಟ್ಟಿಯಾಗಿ ಪರಾತಕ್ಕೆ ಅಂಟಿ ಕೂತವು. ಮುಂದಿನ ಎಷ್ಟೋ ಮಧ್ಯಾಹ್ನ ಮತ್ತೆ ಮಾಡಿದೆ, ಮತ್ತೆ ಅದೇ. ರೇಷನ್ನಿನ ಸಕ್ಕರೆ ಮುಗಿಯಿತು, ಜಲಜಕ್ಕನ ಮನೆಯ ಸಕ್ಕರೆಯೂ ಮುಗಿಯಿತು. ಮುಳ್ಳು ಎದ್ದ ಕುಸುರೆಳ್ಳು ಬಂದದ್ದು ಒಂದು ಬಟ್ಟಲಿನ ತಳ ಮುಚ್ಚುವಷ್ಟು. ಆಗ ನನಗೆ ನಿಜವಾಗಿ ಅಳು ಬಂತು. ನೋವಿಗಲ್ಲ. ಈ ಕೈ ನನ್ನ ಮಾತು ಕೇಳುವುದಿಲ್ಲ ಅಂದದ್ದಕ್ಕೆ.

ಮಗಳು ಅಂದು ಬಂದಿದ್ದಳು. ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ನಾನು ಕನ್ನಡದಲ್ಲಿ ಅತ್ತರೂ ಅವಳು ಸಮಾಧಾನ ಮಾಡುವುದು ಮರಾಠಿಯಲ್ಲೇ: “ಅಗ ಆಯೀ, ವಿಕತ್ ಘೇಊ ನಾ!” ಕೊಂಡುಕೊಂಡು ಬರೋಣ ಅಂತ.

“ಕೊಳ್ಳೂದಿಲ್ಲ!” ಅಂತ ಗುಡುಗಿದೆ. ಗುಡುಗಿನ ಭರಕ್ಕೆ ಕೈ ತಾಗಿ ಹಲಗೆಯ ಮೇಲಿನ ಗುಳಿಗೆ ಡಬ್ಬಿ ಉರುಳಿತು. ಕಿತ್ತಳೆ ಬಣ್ಣದ ಗುಳಿಗೆಗಳು ಬೆಳ್ಳನೆಯ ಕುಸುರೆಳ್ಳಿನ ನಡುವೆ ಬಿದ್ದು ಹವಳದಂತೆ ಮಿಂಚಿದವು.

ನನಗೆ ಜ್ಞಾನೋದಯವಾಯಿತು.

ಮಗಳನ್ನು ಕಳಿಸಿಕೊಟ್ಟು ಕೆಲಸಕ್ಕೆ ಕೂತೆ. ಜರಿ ಕಾಗದದ ಮೇಲೆ ಉಳಿದಿದ್ದ ಪಾಕ ಸವರಿ ಗುಳಿಗೆ ಅಂಟಿಸುವುದಕ್ಕೆ ಬೆರಳ ತುದಿಯ ಚಮತ್ಕಾರ ಬೇಕಾಗಿರಲಿಲ್ಲ, ಅಂಗೈಯಿಂದ ಒತ್ತಿದರೆ ಸಾಕಿತ್ತು. ನಡುನಡುವೆ ಇದ್ದಷ್ಟು ಕುಸುರೆಳ್ಳು ಉದುರಿಸಿದೆ. ಸರ ಆಯಿತು, ಬಳೆ ಆಯಿತು, ಬಾಜೂಬಂದ ಆಯಿತು. ಝುಮಕಿಗೆ ಮಾತ್ರ ಏನಾದರೂ ಜೋತಾಡುವಂಥದ್ದು ಬೇಕಿತ್ತು. ಕ್ಯಾಪ್ಸೂಲಿನ ನಡುವಿಗೆ ದಾರ ಬಿಗಿದು ನೋಡಿದೆ. ಏನು ಜೋತಾಟ! ಏನು ಬಣ್ಣ!

ಸಂಜೆ ನಮ್ಮವರು ಬಂದು, ಚಾಪೆಯ ಮೇಲೆ ಹರಡಿದ್ದ ಒಡವೆಗಳನ್ನು ಕನ್ನಡಕ ಒರೆಸಿಕೊಂಡು ನೋಡಿದರು.

“ಕೂಸಿನ ಕಿವ್ಯಾಗ ಆಂಟಿಬಯಾಟಿಕ್?”

“ಯಾರ ತಿಂತಾರ ಅದನ್ನ? ನನ್ನ ದಾಗೀನು ನಮ್ಮವ್ವ ಟ್ರಂಕಿನ್ಯಾಗ ಇಟ್ಟಿದ್ಲು. ಕಡೀಕ ಇರಿವಿ ತಿಂದು ಮುಗಿಸಿದ್ವು.”

“ಹಂಗಾರ ಠಾಣೆದಾಗ ಇರಿವಿಗೆ ಸಂಧಿವಾತ ಇರೂದಿಲ್ಲ ಬಿಡು,” ಅಂದು ಅವರು ಪೇಪರ್ ತೆರೆದರು.

ಹಬ್ಬದ ದಿನ ಠಾಣೆಯ ಬೀಗರ ಬ್ಲಾಕಿನಲ್ಲಿ ಹೆಂಗಸರು ತುಂಬಿದ್ದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ನನ್ನ ಕಿತ್ತಳೆ ಸರ ಎದ್ದು ಕಾಣುತ್ತಿತ್ತು. “ಇಂಥ ಬಣ್ಣ ಅಂಗಡಿಯಲ್ಲೂ ಕಂಡಿಲ್ಲ!” ಅಂದರು ಒಬ್ಬರು. “ಕರ್ನಾಟಕದ ಕಡೆಯ ಪದ್ಧತಿ ಇರಬೇಕು,” ಅಂದರು ಇನ್ನೊಬ್ಬರು. ಇಡೀ ಕರ್ನಾಟಕದ ಪರವಾಗಿ ನಾನು ತಲೆಯಾಡಿಸಿದೆ. ನಳಿನಿಬಾಯಿ ಮಾತ್ರ ಸರವನ್ನೇ ನೋಡುತ್ತಿದ್ದರು. ಹೊಟ್ಟೆಕಿಚ್ಚು ಅಂದುಕೊಂಡು ಸುಖಪಟ್ಟೆ.

ಆರತಿ ಮುಗಿಯಿತು. ಆಗ ಮನೆಯ ಹಿರಿಯ ಅಜ್ಜಿ ಚಪ್ಪಾಳೆ ತಟ್ಟಿ, “ಬನ್ನಿ ಮಕ್ಕಳೇ, ದಾಗೀನು ಬಿಚ್ಚಿ ಹಂಚೋಣ!” ಅಂದರು.

ಹಂಚೋಣ? ನಮ್ಮಲ್ಲಿ ಟ್ರಂಕಿಗೆ ಹೋಗುವುದು ಇವರ ಮನೆಯಲ್ಲಿ ಪ್ರಸಾದದ ಹಾಗೆ ಬಾಯಿಗೆ ಹೋಗುತ್ತಿತ್ತು! ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಮಗು ಝುಮಕಿಗೆ ಕೈ ಚಾಚಿತು. ನಾನು ಹಾರಿದೆ. ಐವತ್ತು ಹೆಂಗಸರ ಎದುರಿಗೆ ಹೆತ್ತ ಮಗಳ ಎರಡೂ ಕಿವಿಗೆ ಕೈ ಹಾಕಿ, “ಝುಮಕಿ ನನಗೆ ಬೇಕು! ಝುಮಕಿ ತಾಯಿಗೇ ಸೇರಬೇಕು!” ಅಂತ ಕೂಗುತ್ತ ಎರಡನ್ನೂ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

“ಕರ್ನಾಟಕದ ಕಡೆಯ ಪದ್ಧತಿ ಇರಬೇಕು,” ಅಂದರು ಅದೇ ಹೆಂಗಸು, ಈ ಸಲ ಸ್ವಲ್ಪ ದೂರ ಸರಿದು.

ಕ್ಯಾಪ್ಸೂಲು ಉಳಿಯಿತು, ಗುಳಿಗೆ ಉಳಿಯಲಿಲ್ಲ. ನಾನು ಸರದ ಕಡೆ ತಿರುಗುವಷ್ಟರಲ್ಲಿ ಅದು ಸೂರೆ ಹೋಗಿತ್ತು. “ಸಂತ್ರ್ಯಾಚಿ ಗೋಳಿ!” ಕಿತ್ತಳೆ ಪೆಪ್ಪರಮಿಂಟು, ಅಂತ ಹುಡುಗರು ಕುಣಿದರು. ಅಜ್ಜಿ ಒಂದು ಬಾಜೂಬಂದವನ್ನು ಇಡಿಯಾಗಿ ಚೀಪಿದರು. ನಾನೂ ಸಂಶಯ ಬರಬಾರದೆಂದು ಒಂದು ಬಳೆ ತಿಂದೆ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮನೆಯಲ್ಲಿ ಒಂದು ಬಗೆಯ ಚಡಪಡಿಕೆ ಶುರುವಾಯಿತು. ಬ್ಲಾಕಿನಲ್ಲಿ ಮನೆಯೊಳಗೇ ಸಂಡಾಸು ಇತ್ತು, ಜಲಜಕ್ಕ ಹೇಳಿದ ಅಮೇರಿಕಾದವರ ಹಾಗೆ. ಆದರೆ ಇದ್ದದ್ದು ಒಂದೇ! ಅದರ ಎದುರಿಗೆ ಜರಿ ಸೀರೆಗಳ ಪಾಳಿ ಅಡುಗೆಮನೆಯವರೆಗೂ ಬೆಳೆಯಿತು. ಅಜ್ಜಿಗೆ ಎಲ್ಲರೂ ದಾರಿ ಬಿಟ್ಟರು. ಅಜ್ಜಿ ಬೇಗ ಹೊರಗೆ ಬರಲಿಲ್ಲ.

ನಾನು ಪಾಳಿಯಲ್ಲಿ ಅಡುಗೆಕಟ್ಟೆಯ ಹತ್ತಿರ ನಿಂತಿದ್ದಾಗ ನಳಿನಿಬಾಯಿ ಪಕ್ಕಕ್ಕೆ ಬಂದರು. ಬೈಗುಳಕ್ಕೆ ಸಿದ್ಧವಾಗಿ ನಿಂತೆ. ಅವರು ಬೈಯಲಿಲ್ಲ. ಮುಷ್ಟಿ ಮುಂದೆ ಚಾಚಿ, ನಿಧಾನವಾಗಿ, ಬಹಳ ನಿಧಾನವಾಗಿ ಬಿಚ್ಚಿದರು. ಒಳಗೆ ನನ್ನ ಸರದ ಎರಡು ಗುಳಿಗೆಗಳಿದ್ದವು. ನಾನು ನೋಡಿದ್ದು ಗುಳಿಗೆಯನ್ನಲ್ಲ, ಬೆರಳುಗಳನ್ನು. ಬಾತ ಗೆಣ್ಣು, ಓರೆಯಾದ ತುದಿ. ನನ್ನವೇ ಬೆರಳು!

“ಇವು ವಿಟಮಿನ್ ಸಿ,” ಅಂದರು ಮೆಲ್ಲಗೆ. “ಸಂಧಿವಾತಕ್ಕೆ ಒಳ್ಳೆಯದು ಅಂತ ಯಾರೋ ಹೇಳಿದ್ದರು. ನೀವು ತಗೋತೀರೇನು? ಗುಣ ಬಂತೇನು?”

ಮಂಟಪದ ಮಾತು ನೆನಪಾಯಿತು. ಅವರು ಅಂಗಡಿಯಿಂದ ತರಿಸೋಣ ಅಂದದ್ದು ನನ್ನ ಮೇಲಿನ ತಾತ್ಸಾರಕ್ಕಲ್ಲ, ಈ ಬೆರಳಿನ ಅನುಭವಕ್ಕೆ. ಬಂತು ಅನ್ನುವ ಶಬ್ದ ನನ್ನ ತುಟಿಯ ತನಕ ಬಂದಿತ್ತು. ಅಷ್ಟು ದಿನ ಎಲ್ಲರಿಗೂ ಅದನ್ನೇ ಹೇಳಿದ್ದೆನಲ್ಲ. ಆದರೆ ಆ ಕೈ ನೋಡಿ ಸುಳ್ಳು ಹೊರಡಲಿಲ್ಲ. ಸೆರಗಿನ ಕೆಳಗಿಂದ ನನ್ನ ಕೈ ತೆಗೆದು ಅವರ ಕೈಯ ಪಕ್ಕಕ್ಕೆ ಹಿಡಿದೆ.

“ಇಲ್ಲ ನಳಿನಿಬಾಯಿ, ಬರಲಿಲ್ಲ. ಬಂದಿದ್ದರೆ ನಿಜವಾದ ಕುಸುರೆಳ್ಳು ಮಾಡುತ್ತಿದ್ದೆ.”

ಅವರು ನನ್ನ ಗೆಣ್ಣುಗಳನ್ನು ತಮ್ಮ ಗೆಣ್ಣುಗಳಿಂದ ಮುಟ್ಟಿದರು. “ನನಗೂ ಡಾಕ್ಟರು ಜನ್ಮಭರ ಅಂದಿದ್ದಾರೆ. ನನ್ನ ಜನ್ಮದ ಬಗ್ಗೆ ಹೇಳಲಿಕ್ಕೆ ಅವರು ಯಾರು?” ಅಂದು ಎರಡೂ ಗುಳಿಗೆಗಳನ್ನು ಟಪ್ಪನೆ ಬಾಯಿಗೆ ಹಾಕಿಕೊಂಡರು!

“ಅಯ್ಯೋ, ಗುಣ ಬರಲಿಲ್ಲ ಅಂದೆನಲ್ರೀ!”

“ನಿಮಗೆ ಬರಲಿಲ್ಲ. ನನಗೆ ಬಂದೀತು. ಪಣ್...”

ಪಣ್! ಶೇಂಗಾದ ಪುಡಿಕೆಯ ಆ ಶಬ್ದದ ಮುಂದೆ ಏನಿತ್ತೆಂದು ಈಗಲಾದರೂ ತಿಳಿಯುತ್ತದೆ ಅಂತ ನಾನು ಕಿವಿಗೊಟ್ಟು ನಿಂತೆ. ಅವರು ಮಾತು ಮುಗಿಸಲಿಲ್ಲ. ಮುಖ ಒಂಥರ ಮಾಡಿದರು. ಸರಿಯಾಗಿ ಅದೇ ಹೊತ್ತಿಗೆ ಅಜ್ಜಿ ಬಾಗಿಲು ತೆರೆದು ಹೊರಗೆ ಬಂದರು. ನಳಿನಿಬಾಯಿ ನಿರಿಗೆ ಎತ್ತಿ ಹಿಡಿದು ಒಳಗೆ ನುಗ್ಗಿ ಚಿಲಕ ಹಾಕಿಕೊಂಡರು.

ಪಾಳಿ ನನ್ನದಿತ್ತು!